ವೃದ್ಧಾಶ್ರಮದಲ್ಲಿ ಹಕ್ಕು ಯಾರದ್ದು: ಹಣ ಕಟ್ಟುವವರದ್ದೋ, ಅಲ್ಲಿ ಬದುಕುವವರದ್ದೋ?

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಅಕ್ಟೋಬರ್ 1ರಂದು ಹಿರಿಯ ನಾಗರಿಕರ ದಿನಾಚರಣೆಯ ವೇದಿಕೆಗಳಲ್ಲಿ ಕೇಳಿಬರುವ ಭಾಷಣಗಳು ಹೆಚ್ಚುಕಡಿಮೆ ಒಂದೇ ರಾಗದಲ್ಲಿರುತ್ತವೆ. ಹೆತ್ತವರನ್ನು ವೃದ್ಧಾಶ್ರಮಕ್ಕೆ ಸೇರಿಸಿದ ಮಕ್ಕಳಿಗೆ ಛೀಮಾರಿ, ಅವಿಭಕ್ತ ಕುಟುಂಬದ ಗುಣಗಾನ, ಕೊನೆಗೆ ನಾಲ್ಕಾರು ಹಿರಿಯರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ವೃದ್ಧಾಶ್ರಮಗಳೇ ಇರಬಾರದು ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಈಗಾಗಲೇ ಅಲ್ಲಿ ವಾಸವಾಗಿರುವವರಿಗೆ ರಾತ್ರಿ ಬಾಯಾರಿದಾಗ ನೀರು ಕೊಡುವವರು ಯಾರು, ಬಿದ್ದರೆ ಎತ್ತುವವರು ಯಾರು, ಎತ್ತುವವರೇ ಗದರಿದರೆ ದೂರು ಹೇಳಬೇಕಾದದ್ದು ಯಾರಿಗೆ ಎಂಬ ಪ್ರಶ್ನೆಗಳು ಮಾತ್ರ ಆ ವೇದಿಕೆಗಳಲ್ಲಿ ಏಳುವುದೇ ಇಲ್ಲ. ವೃದ್ಧಾಶ್ರಮವೆಂದರೆ ನಾಚಿಕೆಯ ವಿಷಯ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿರುವುದರಿಂದಲೇ ಅಲ್ಲಿನ ಆರೈಕೆಯ ಗುಣಮಟ್ಟ ಚರ್ಚೆಗೆ ಬರದೆ ಉಳಿದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ತಾಯಿ ಅಲ್ಲಿದ್ದಾರೆಂದು ನೆಂಟರಿಗೇ ಹೇಳಿಕೊಳ್ಳದ ಮನೆಯವರು ಅಲ್ಲಿನ ಅವ್ಯವಸ್ಥೆಯ ಬಗ್ಗೆ ಪೊಲೀಸ್ ಠಾಣೆಗೆ ಹೋಗುವರೇ, ಪತ್ರಿಕೆಗೆ ಬರೆಯುವರೇ?

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು. ಆಮೇಲೆ ಬಂಧುಗಳ ಕಾರಣಕ್ಕೂ, ಪರಿಚಿತರ ಕೋರಿಕೆಯ ಮೇರೆಗೂ ಮೈಸೂರು, ಬೆಂಗಳೂರುಗಳ ಹಲವು ವೃದ್ಧಾಶ್ರಮಗಳಿಗೆ ಮತ್ತು ಈಚೆಗೆ ಹೆಚ್ಚುತ್ತಿರುವ, ಹಣ ಪಡೆದು ಹಿರಿಯರನ್ನು ನೋಡಿಕೊಳ್ಳುವ ಖಾಸಗಿ ಆರೈಕೆ ಕೇಂದ್ರಗಳಿಗೆ ಹೋಗಿಬಂದಿದ್ದೇನೆ. ನಿಷ್ಠೆಯಿಂದ ನಡೆಯುವ ಕೇಂದ್ರಗಳೂ ಇವೆ. ಮನೆಯಲ್ಲಿ ಸಿಗುವುದಕ್ಕಿಂತ ಒಳ್ಳೆಯ ಆರೈಕೆಯನ್ನು ಅಲ್ಲಿ ಪಡೆಯುತ್ತಿರುವವರನ್ನೂ ಕಂಡಿದ್ದೇನೆ. ಆದರೆ ಒಂದು ಕೇಂದ್ರ ಚೆನ್ನಾಗಿರುವುದು, ಕೆಟ್ಟದಾಗಿರುವುದು ಇವತ್ತು ಅದರ ಮಾಲೀಕರ ಮನಸ್ಸಾಕ್ಷಿಗೆ ಬಿಟ್ಟ ಸಂಗತಿಯಾಗಿದೆ. ಅಲ್ಲಿ ಬದುಕುವ ವ್ಯಕ್ತಿ ತನ್ನದೆಂದು ಹೇಳಿ ಪಡೆಯಬಹುದಾದ, ಕಾನೂನಿನ ಬೆಂಬಲವಿರುವ ಹಕ್ಕು ಯಾವುದೆಂದು ಹುಡುಕಿದರೆ ಸಿಗುವುದು ಬಹಳ ಕಡಿಮೆ.

ಕಾನೂನೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯನ್ನು ಸಂಸತ್ತು 2007ರಲ್ಲೇ ಅಂಗೀಕರಿಸಿದೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೇಳಬಹುದೆಂಬುದು, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಆ ಷರತ್ತು ಮುರಿದಾಗ ಹಿಂಪಡೆಯಬಹುದೆಂಬುದು ಈಗ ಹಳ್ಳಿಗಳಲ್ಲೂ ಗೊತ್ತಿರುವ ವಿಷಯ. ಇವೆರಡೂ ಮಕ್ಕಳ ಮೇಲೆ ಹೆತ್ತವರಿಗಿರುವ ಹಕ್ಕುಗಳು. ವೃದ್ಧಾಶ್ರಮಗಳ ಪ್ರಸ್ತಾಪ ಬರುವುದು ಅದೇ ಕಾಯ್ದೆಯ ಸೆಕ್ಷನ್ 19ರಲ್ಲಿ. ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ಹಿರಿಯರಿಗೆ ಆಶ್ರಯ ಕೊಡುವಂಥ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದೆಂದು ಅದು ಹೇಳುತ್ತದೆ. ಸ್ಥಾಪಿಸಲೇಬೇಕೆಂಬ ಕಡ್ಡಾಯವನ್ನು ಹೇರುವುದಿಲ್ಲ. ಕೇಂದ್ರ ಸರ್ಕಾರ ಸಿದ್ಧಪಡಿಸಿದ ಮಾದರಿ ನಿಯಮಗಳಲ್ಲಿ ಇಂಥ ಆಶ್ರಮದಲ್ಲಿ ಒಬ್ಬರಿಗೆ ಮಲಗುವ ಜಾಗ 7.5 ಚದರ ಮೀಟರ್, ಅಡುಗೆಮನೆ, ಊಟದ ಮನೆ ಎಲ್ಲ ಸೇರಿ 12 ಚದರ ಮೀಟರ್ ಇರಬೇಕೆಂಬ ಅಳತೆಯಾದರೂ ಇದೆ. ಬಡವರಿಗೆಂದು ಸರ್ಕಾರ ಕಟ್ಟಬೇಕಾದ ಆಶ್ರಮಕ್ಕೆ ಕಾಗದದ ಮೇಲಾದರೂ ಒಂದು ಅಳತೆಯಿದ್ದು, ತಿಂಗಳಿಗೆ ಹತ್ತಾರು ಸಾವಿರ ವಸೂಲಿ ಮಾಡುವ ಖಾಸಗಿ ಕೇಂದ್ರಕ್ಕೆ ಆ ಅಳತೆಯೂ ಅನ್ವಯಿಸುವುದಿಲ್ಲ ಎಂಬುದು ವಿಚಿತ್ರವಾದರೂ ನಿಜ.

ಈ ಕೊರತೆ ದಿಲ್ಲಿಗೆ ಗೊತ್ತಿಲ್ಲದ್ದೇನಲ್ಲ. ಮಾಜಿ ಕೇಂದ್ರ ಕಾನೂನು ಸಚಿವ ಅಶ್ವನಿ ಕುಮಾರ್ ಸಲ್ಲಿಸಿದ್ದ ಅರ್ಜಿಯ ಮೇಲೆ 2018ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಮಾಹಿತಿಯನ್ನು ರಾಜ್ಯಗಳಿಂದ ತರಿಸಿಕೊಳ್ಳುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತ್ತು. ಮರುವರ್ಷ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆಯಲ್ಲಿ ಹಿರಿಯರ ಆರೈಕೆ ಕೇಂದ್ರಗಳ ಮತ್ತು ಮನೆಗೆ ಆರೈಕೆದಾರರನ್ನು ಕಳಿಸುವ ಏಜೆನ್ಸಿಗಳ ಕಡ್ಡಾಯ ನೋಂದಣಿ, ಕನಿಷ್ಠ ಗುಣಮಟ್ಟದ ನಿಗದಿ ಎಲ್ಲವೂ ಇದ್ದವು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, 2021ರಲ್ಲಿ ಸಮಿತಿಯ ವರದಿಯೂ ಬಂತು, ಬಳಿಕ 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. ನಡುವೆ ಒಂದು ಮಹಾಮಾರಿ ಬಂದು, ಇಂಥ ಕೇಂದ್ರಗಳ ಬಾಗಿಲು ತಿಂಗಳುಗಟ್ಟಲೆ ಮುಚ್ಚಿ, ಒಳಗಿದ್ದವರನ್ನು ನೋಡುವವರೇ ಇಲ್ಲದಂತಾಗಿದ್ದ ಕಾಲವೂ ಕಳೆದುಹೋಗಿತ್ತು.

ನಮ್ಮ ರಾಜ್ಯದಲ್ಲಿ ಹತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ ತೆರೆಯಬೇಕಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಲೇಬೇಕು. ವೈದ್ಯರ ಮುಷ್ಕರದ ನಡುವೆಯೇ 2017ರಲ್ಲಿ ಆ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳ ಸನ್ನದು ಸೇರಿತು, ಜಿಲ್ಲಾಧಿಕಾರಿಯ ನೇತೃತ್ವದಲ್ಲಿ ದೂರು ಕೇಳುವ ಪ್ರಾಧಿಕಾರವೂ ಬಂತು. ಅಲ್ಲಿ ಒಂದು ವಾರ ಮಲಗಿದ್ದು ಮನೆಗೆ ಮರಳುವ ರೋಗಿಗೆ ಇಷ್ಟು ರಕ್ಷಣೆಯಿದೆ. ಅದೇ ಬೀದಿಯ ಇನ್ನೊಂದು ಕಟ್ಟಡದಲ್ಲಿ ಮೂತ್ರದ ನಳಿಗೆ, ಮೂಗಿನ ಕೊಳವೆ ಹಾಕಿಸಿಕೊಂಡು ವರ್ಷಾನುಗಟ್ಟಲೆ ಮಲಗಿರುವ ವೃದ್ಧೆಗೆ ಅದು ಸಿಗುವುದಿಲ್ಲ, ಏಕೆಂದರೆ ಆ ಕಟ್ಟಡದ ಮುಂದೆ ಆಸ್ಪತ್ರೆಯ ಫಲಕವಿಲ್ಲ. ಟ್ರಸ್ಟ್ ಅಥವಾ ಸೊಸೈಟಿಯಾಗಿ ನೋಂದಾಯಿಸಿಕೊಂಡ ಪ್ರಮಾಣಪತ್ರವನ್ನೋ, ಪಾಲಿಕೆಯ ವ್ಯಾಪಾರ ಪರವಾನಗಿಯನ್ನೋ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುತ್ತಾರೆ. ನೋಡಿದವರು ಇದೇ ಸರ್ಕಾರದ ಮಾನ್ಯತೆ ಎಂದು ತಿಳಿದು ಸಮಾಧಾನಪಟ್ಟುಕೊಳ್ಳುತ್ತಾರೆ.

ನನ್ನ ದೊಡ್ಡಮ್ಮನ ವಿಷಯವನ್ನೇ ಹೇಳುತ್ತೇನೆ. ಒಬ್ಬನೇ ಮಗ ಹೊರದೇಶದಲ್ಲಿದ್ದಾನೆ. ಮರೆವು ಹೆಚ್ಚಿ, ಗ್ಯಾಸ್ ಒಲೆ ಆರಿಸದೆ ಹೊರಟುಬಿಡುವಂತಾದ ಮೇಲೆ ಅವರನ್ನು ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಲಾಯಿತು. ಅವನು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ದೊಡ್ಡ ಗೇಟು, ಹುಲ್ಲುಹಾಸು, ಪುಟ್ಟ ಗಣಪತಿ ಗುಡಿ, ಸ್ವಾಗತ ಕೋಣೆಯಲ್ಲಿ ನಗುಮುಖದ ಹುಡುಗಿ ಎಲ್ಲವೂ ಇದ್ದವು. ಒಂದು ಮಧ್ಯಾಹ್ನ ನಾನು ಹೋದಾಗ ದೊಡ್ಡಮ್ಮನ ಕೂದಲನ್ನು ಕಿವಿಯಿಂದ ಮೇಲಕ್ಕೆ ಕತ್ತರಿಸಿಬಿಟ್ಟಿದ್ದರು. ಎಂಬತ್ತು ದಾಟಿದ ಮೇಲೂ ಬೆಳಿಗ್ಗೆ ಎಣ್ಣೆ ಹಚ್ಚಿ, ಬಾಚಿ, ತುರುಬು ಕಟ್ಟದೆ ಕಾಫಿ ಲೋಟ ಮುಟ್ಟದ ಹೆಂಗಸು ಅವರು. ಕೇಳಿದ್ದಕ್ಕೆ ಮೇಲ್ವಿಚಾರಕಿ, "ಹೇನಾಗತ್ತೆ ಮೇಡಂ, ತೊಳೆಯೋಕೂ ಕಷ್ಟ. ಸರ್‌ಗೆ ಮೆಸೇಜ್ ಹಾಕಿದ್ವಿ, ಓಕೆ ಅಂದ್ರು" ಎಂದರು. ದೊಡ್ಡಮ್ಮನನ್ನು ಒಂದು ಮಾತು ಕೇಳಿದಿರಾ ಎಂದೆ. "ಅವರಿಗೇನು ಗೊತ್ತಾಗತ್ತೆ ಮೇಡಂ" ಎಂಬ ಉತ್ತರ ಬಂತು. ಅಷ್ಟರಲ್ಲಿ ದೊಡ್ಡಮ್ಮ ನನ್ನ ಕೈಯನ್ನು ಎಳೆದು ತಮ್ಮ ಕತ್ತಿನ ಹಿಂಭಾಗಕ್ಕೆ ಇಟ್ಟುಕೊಂಡು, "ನೋಡೇ, ಇಲ್ಲೆಲ್ಲ ಗಾಳಿ ಹೊಡೀತದೆ" ಎಂದರು.

ಆ ಕೇಂದ್ರದವರು ಕ್ರೂರಿಗಳೆಂದು ಓದುಗರು ತಿಳಿಯಬಾರದು. ಅವರ ದೃಷ್ಟಿಯಲ್ಲಿ ಅವರು ನಿಯಮದಂತೆಯೇ ನಡೆದುಕೊಂಡಿದ್ದರು: ಗ್ರಾಹಕರನ್ನು ಕೇಳಿದ್ದರು, ಗ್ರಾಹಕರು ಒಪ್ಪಿದ್ದರು. ಇಡೀ ವ್ಯವಸ್ಥೆಯ ಮೂಲದೋಷ ಇಲ್ಲೇ ಇದೆ. ಕರಾರಿಗೆ ಸಹಿ ಹಾಕುವವರು ಮಕ್ಕಳು, ಹಣ ಕಳಿಸುವವರು ಮಕ್ಕಳು, ವಾಟ್ಸ್ಆ್ಯಪ್ ಗುಂಪಿನಲ್ಲಿ ಹಬ್ಬದ ದಿನದ ಫೋಟೊ ನೋಡಿ ಹೆಬ್ಬೆಟ್ಟು ಎತ್ತುವವರೂ ಮಕ್ಕಳೇ. ಆ ಕೋಣೆಯಲ್ಲಿ ಇಪ್ಪತ್ತನಾಲ್ಕು ಗಂಟೆ ಇರುವವರ ಸಹಿ ಯಾವ ಕಾಗದದಲ್ಲೂ ಇರುವುದಿಲ್ಲ. ಈಚೆಗೆ ಹಲವು ಕೇಂದ್ರಗಳು ಕೋಣೆಯೊಳಗೇ ಸಿ.ಸಿ. ಕ್ಯಾಮೆರಾ ಇಟ್ಟು, ಅದರ ದೃಶ್ಯವನ್ನು ಮಕ್ಕಳ ಮೊಬೈಲಿಗೆ ಕೊಡುವುದನ್ನು ಹೆಗ್ಗಳಿಕೆಯಾಗಿ ಜಾಹೀರಾತಿನಲ್ಲಿ ಹೇಳಿಕೊಳ್ಳುತ್ತಿವೆ. ಸಾವಿರಾರು ಮೈಲಿ ದೂರದಲ್ಲಿರುವ ಮಗಳಿಗೆ ಅದರಿಂದ ಧೈರ್ಯ ಬರುವುದು ನಿಜ. ಆದರೆ ಸೀರೆ ಬದಲಿಸುವಾಗ, ಡೈಪರ್ ತೆಗೆಯುವಾಗ ಆ ಕ್ಯಾಮೆರಾ ನೋಡುತ್ತಿರುವುದು ಯಾರ ಮೈಯನ್ನು? ಅದನ್ನು ನೋಡಬಹುದಾದವರ ಪಟ್ಟಿಯಲ್ಲಿ ಅಳಿಯ ಇದ್ದಾನೆಯೇ, ಕಚೇರಿಯಲ್ಲಿ ಕುಳಿತ ಕಾವಲುಗಾರ ಇದ್ದಾನೆಯೇ ಎಂದು ಆ ತಾಯಿಯನ್ನು ಕೇಳಿದವರು ಯಾರು? ಹಾಸಿಗೆಯ ಸುತ್ತ ಎಳೆಯುವ ಒಂದು ಪರದೆಯೂ ಇಲ್ಲದ ಕೋಣೆಯಲ್ಲಿ ಕ್ಯಾಮೆರಾ ಮಾತ್ರ ಇರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆರೈಕೆಯ ವಿಷಯದಲ್ಲಿ ನನ್ನಂಥವಳ ಕಣ್ಣಿಗೆ ಮೊದಲು ಬೀಳುವುದು ಗಡಿಯಾರ. ಅನೇಕ ಕೇಂದ್ರಗಳಲ್ಲಿ ರಾತ್ರಿಯ ಊಟ ಸಂಜೆ ಆರರೊಳಗೆ ಮುಗಿದುಹೋಗುತ್ತದೆ. ಅಡುಗೆಯವರು ಬಸ್ಸು ಹಿಡಿಯಬೇಕು, ಹಗಲು ಪಾಳಿಯ ಹುಡುಗಿಯರು ಬಿಡಬೇಕು, ಅದಕ್ಕಾಗಿ ಸೂರ್ಯ ಮುಳುಗುವ ಮೊದಲೇ ಅನ್ನ, ತಿಳಿಸಾರು. ಮತ್ತೆ ಹೊಟ್ಟೆಗೆ ಏನಾದರೂ ಬೀಳುವುದು ಮರುದಿನ ಎಂಟು ಗಂಟೆಗೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಹದಿನಾಲ್ಕು ಗಂಟೆಗಳ ಅಂತರ ಅಪಾಯಕಾರಿ. ನಡುರಾತ್ರಿ ಸಕ್ಕರೆ ಅಂಶ ಇಳಿದು ಬೆವರಿ, ಬಡಬಡಿಸಿದರೆ ಅದನ್ನೂ ಮರೆವಿನ ಕಾಯಿಲೆಯ ಲೆಕ್ಕಕ್ಕೆ ಬರೆಯುವುದುಂಟು. ನೀರಿನದೂ ಹೀಗೆಯೇ. ರಾತ್ರಿ ಡೈಪರ್ ಬದಲಿಸುವ ಕೆಲಸ ಕಡಿಮೆಯಾಗಲೆಂದು ಸಂಜೆಯ ನಂತರ ನೀರನ್ನು ಅಳೆದು ಕೊಡುತ್ತಾರೆ. ನೀರು ಕಡಿಮೆಯಾದರೆ ಮೂತ್ರದ ಸೋಂಕು ತಗಲುತ್ತದೆ. ವಯಸ್ಸಾದವರಲ್ಲಿ ಆ ಸೋಂಕಿಗೆ ಎಷ್ಟೋ ಸಲ ಜ್ವರವೇ ಬರುವುದಿಲ್ಲ, ಇದ್ದಕ್ಕಿದ್ದಂತೆ ಗೊಂದಲ, ಕೂಗಾಟ, ಹಾಸಿಗೆಯಿಂದ ಏಳುವ ಹಟ ಕಾಣಿಸಿಕೊಳ್ಳುತ್ತದೆ. ಕೂಗಾಟಕ್ಕೆ ನಿದ್ರೆ ಮಾತ್ರೆ, ಏಳುವ ಹಟಕ್ಕೆ ಹಳೆಯ ಸೀರೆಯ ತುಂಡಿನಿಂದ ಮಂಚದ ಕಂಬಿಗೆ ಕೈಕಟ್ಟು. ಒಂದು ಲೋಟ ನೀರಿನಿಂದ ಶುರುವಾದದ್ದು ಹೀಗೆ ಮುಂದುವರಿದು, ಅಲುಗಾಡದೆ ಮಲಗಿದವರ ಬೆನ್ನಿನ ಹುಣ್ಣಿನಲ್ಲಿ ಮುಗಿಯುತ್ತದೆ.

ಹಾಸಿಗೆ ಹುಣ್ಣಿನ ಬಗ್ಗೆ ಒಂದೆರಡು ಮಾತು ಹೆಚ್ಚೇ ಹೇಳಬೇಕು, ಏಕೆಂದರೆ ಅದರಷ್ಟು ನಿಷ್ಠುರವಾಗಿ ಆರೈಕೆಯ ಸತ್ಯ ಹೇಳುವ ಸಾಕ್ಷಿ ಇನ್ನೊಂದಿಲ್ಲ. ಸೊಂಟದ ಕೆಳಗಿನ ಮೂಳೆಯ ಮೇಲೋ, ಹಿಮ್ಮಡಿಯಲ್ಲೋ ಚರ್ಮ ಕೆಂಪಾಗಿ, ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಯದೆ ಉಳಿದರೆ ಅದೇ ಮೊದಲ ಎಚ್ಚರಿಕೆ. ಆಗಲೇ ಮಗ್ಗುಲು ಬದಲಿಸುತ್ತ, ಒದ್ದೆ ಬಟ್ಟೆ ತೆಗೆಯುತ್ತ, ಗಾಳಿ ಹಾಸಿಗೆ ಹಾಕಿದರೆ ಬಹುಪಾಲು ಹುಣ್ಣುಗಳನ್ನು ತಡೆಯಬಹುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ನಾವು ಶುಶ್ರೂಷಾ ಶಾಲೆಯಲ್ಲಿ ಕಲಿತ ಮೊದಲ ಪಾಠಗಳಲ್ಲೊಂದು. ಈಗ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ಮಹಡಿಯಲ್ಲಿ ಹಾಸಿಗೆ ಹಿಡಿದವರು ಎಂಟು ಮಂದಿ ಇದ್ದು, ರಾತ್ರಿ ಪಾಳಿಗೆ ಒಬ್ಬಳೇ ಹುಡುಗಿ ಇದ್ದಾಳೆ ಎಂದುಕೊಳ್ಳೋಣ. ಒಬ್ಬರನ್ನು ಒರೆಸಿ, ಬಟ್ಟೆ ಬದಲಿಸಿ, ಮಗ್ಗುಲಾಗಿಸಲು ಹತ್ತು ನಿಮಿಷ ಹಿಡಿದರೂ ಎಂಟು ಜನಕ್ಕೆ ಎಂಬತ್ತು ನಿಮಿಷ. ನಲವತ್ತು ನಿಮಿಷ ಬಿಟ್ಟು ಮತ್ತೆ ಮೊದಲ ಮಂಚದಿಂದ ಶುರುಮಾಡಬೇಕು. ಉಳಿದ ಕೋಣೆಗಳ ಕರೆಗಂಟೆಗೆ ಓಗೊಡುವವರು ಯಾರು? ದಪ್ಪ ಮೈಯವರನ್ನು ಒಬ್ಬಳೇ ಹೊರಳಿಸುವುದಾದರೂ ಹೇಗೆ? ಹೀಗಾಗಿ ಮಗ್ಗುಲು ಬದಲಿಸಿದ್ದೇವೆಂದು ದಾಖಲೆ ಪುಸ್ತಕದಲ್ಲಿ ಬೆಳಗಿನ ಜಾವ ಒಟ್ಟಿಗೆ, ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ ಬರೆದಿಡುತ್ತಾರೆ. ಅದನ್ನು ಓದಲು ಬರುವ ತಪಾಸಣಾಧಿಕಾರಿ ಇದ್ದರೆ ಅರ್ಧ ನಿಮಿಷದಲ್ಲಿ ಗುರುತಿಸಬಹುದು.

ಆ ಹುಡುಗಿಯ ಪರವಾಗಿಯೂ ಮಾತನಾಡಬೇಕು. ಹೆಚ್ಚಿನವರು ಒಡಿಶಾ, ಜಾರ್ಖಂಡ್, ಈಶಾನ್ಯ ರಾಜ್ಯಗಳಿಂದ ಏಜೆನ್ಸಿಗಳ ಮೂಲಕ ಬಂದವರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳವರೂ ಇದ್ದಾರೆ. ಹನ್ನೆರಡು ಗಂಟೆಯ ಪಾಳಿ, ಮಲಗಲು ರೋಗಿಗಳ ಮಂಚದ ಪಕ್ಕದ ನೆಲ, ಸಂಬಳದಲ್ಲಿ ಏಜೆನ್ಸಿಯ ಪಾಲು. ಬಿದ್ದವರನ್ನು ಹೇಗೆ ಎತ್ತಬೇಕು, ನುಂಗಲಾರದವರಿಗೆ ಎಷ್ಟು ಒರಗಿಸಿ ಗಂಜಿ ಕುಡಿಸಬೇಕು ಎಂಬ ತರಬೇತಿಯನ್ನು ಅವರಿಗೆ ಕೊಟ್ಟವರಿಲ್ಲ. ಮಲಗಿಸಿಕೊಂಡೇ ಗಂಜಿ ಕುಡಿಸಿ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದರೆ, ಸಾವಿನ ಪ್ರಮಾಣಪತ್ರದಲ್ಲಿ ವಯೋಸಹಜ ಎಂಬ ಒಂದು ಮಾತು ಎಲ್ಲವನ್ನೂ ಮುಚ್ಚಿಹಾಕುತ್ತದೆ. ಭಾಷೆಯ ತೊಡಕು ಬೇರೆ. ಮರೆವಿನ ಕಾಯಿಲೆ ಮುಂದುವರಿದಂತೆ ಆಮೇಲೆ ಕಲಿತ ಇಂಗ್ಲಿಷ್, ಹಿಂದಿ ಸಾಮಾನ್ಯವಾಗಿ ಮೊದಲು ಜಾರಿಹೋಗಿ ತಾಯ್ನುಡಿ ಮಾತ್ರ ಉಳಿಯುತ್ತದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇಂಗ್ಲಿಷಿನಲ್ಲಿ ವ್ಯವಹರಿಸಿದವರೂ ಕೊನೆಗೆ ನೀರು ಕೇಳುವುದು ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ. ಹೊರಗಿನಿಂದ ಬಂದ ಹುಡುಗಿಯರ ಮೇಲೆ ಇದಕ್ಕಾಗಿ ಹರಿಹಾಯುವುದು ಅನ್ಯಾಯ. ನಿತ್ಯದ ಅಗತ್ಯಗಳ ನೂರು ಮಾತು ಕಲಿಸುವ ಹೊಣೆ ಕೇಂದ್ರದ್ದು. ಪಾಳಿಗೊಬ್ಬರಾದರೂ ಸ್ಥಳೀಯ ಭಾಷೆ ಬಲ್ಲವರಿರಬೇಕೆಂಬ ನಿಯಮ ಮಾಡಿದರೆ ಯಾರೂ ತಕರಾರು ಮಾಡಲಾರರು.

ಕೈಕಟ್ಟುವ ವಿಷಯಕ್ಕೆ ಬಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸ್ಪಷ್ಟವಾಗಿದೆ. ಸೆಕ್ಷನ್ 97ರ ಪ್ರಕಾರ ವ್ಯಕ್ತಿಗೆ ಅಥವಾ ಇತರರಿಗೆ ಆ ಕ್ಷಣದಲ್ಲೇ ಆಗಬಹುದಾದ ಹಾನಿಯನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯೊಂದಿಗೆ ಮಾತ್ರ ದೈಹಿಕ ನಿರ್ಬಂಧ ಹಾಕಬಹುದು. ಶಿಕ್ಷೆಯಾಗಿ ಹಾಕುವಂತಿಲ್ಲ, ಸಿಬ್ಬಂದಿ ಕೊರತೆಯ ನೆಪ ಹೇಳಿಯೂ ಹಾಕುವಂತಿಲ್ಲ. ಮರೆವಿನ ಕಾಯಿಲೆಯವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಕೇಂದ್ರಗಳೂ ಈ ಕಾಯ್ದೆಯ ವ್ಯಾಪ್ತಿಗೆ ಬರಬೇಕು ಎಂಬುದು ಅದರ ವ್ಯಾಖ್ಯೆ ಓದಿದ ನನ್ನ ತಿಳಿವಳಿಕೆ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ಈ ಬಗ್ಗೆ ಒಂದು ಸುತ್ತೋಲೆ ಹೊರಡಿಸಿದರೆ ಅನುಮಾನ ಬಗೆಹರಿಯುತ್ತದೆ. ಇದು ಬೆರಳೆಣಿಕೆಯ ಜನರ ಸಮಸ್ಯೆಯಲ್ಲ. ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆಯೆಂದು ರಾಷ್ಟ್ರಮಟ್ಟದ ಅಧ್ಯಯನವೊಂದು 2023ರಲ್ಲಿ ಅಂದಾಜಿಸಿದೆ. 2011ರ ಜನಗಣತಿಯಲ್ಲೇ ಕರ್ನಾಟಕದ ಜನಸಂಖ್ಯೆಯಲ್ಲಿ ಹಿರಿಯರ ಪಾಲು ಶೇ 9.5ರಷ್ಟಿತ್ತು, ಅಂದಿನಿಂದ ಅದು ಏರುತ್ತಲೇ ಇದೆ.

ದೂರು ಹೇಳಲು ಸಹಾಯವಾಣಿಗಳಿವೆ ಎಂದು ಅಧಿಕಾರಿಗಳು ಹೇಳಬಹುದು. ಬೆಂಗಳೂರಿನಲ್ಲಿ ಪೊಲೀಸರೂ ಒಂದು ಸ್ವಯಂಸೇವಾ ಸಂಸ್ಥೆಯೂ ಸೇರಿ ನಡೆಸುವ 1090 ಬಹಳ ವರ್ಷಗಳಿಂದ ಒಳ್ಳೆಯ ಕೆಲಸ ಮಾಡಿದೆ, ದೇಶದಾದ್ಯಂತ 14567 ಸಂಖ್ಯೆಯೂ ಇದೆ. ಆದರೆ ಎಷ್ಟೋ ಕೇಂದ್ರಗಳಲ್ಲಿ ನಿವಾಸಿಗಳ ಮೊಬೈಲು ಕಚೇರಿಯ ಕಪಾಟಿನಲ್ಲಿರುತ್ತದೆ, ಮೇಲ್ವಿಚಾರಕರ ಎದುರು ನಿಂತು ಮಾತನಾಡಬೇಕಾಗುತ್ತದೆ. ಮಕ್ಕಳಿಗೆ ಹೇಳಿದರೆ ಅವರು ಕೇಂದ್ರಕ್ಕೆ ಕರೆ ಮಾಡುತ್ತಾರೆ, ಕೇಂದ್ರದವರು ಆ ಅಜ್ಜಿಯನ್ನು ಕೇಳುತ್ತಾರೆ, "ಏನಜ್ಜಿ, ನಮ್ಮ ಮೇಲೇ ಚಾಡಿ ಹೇಳಿದ್ರಂತೆ?" ಆಮೇಲೆ ಅವರು ಎಲ್ಲಕ್ಕೂ ಚೆನ್ನಾಗಿದೆ, ಚೆನ್ನಾಗಿದೆ ಎನ್ನಲು ಕಲಿತುಬಿಡುತ್ತಾರೆ. ಇನ್ನು ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವಾ ನ್ಯೂನತೆಯನ್ನಷ್ಟೇ ಅಲ್ಲದೆ ಅನ್ಯಾಯದ ಕರಾರುಗಳನ್ನೂ ಪ್ರಶ್ನಿಸಲು ಅವಕಾಶ ಕೊಟ್ಟಿದೆ, ಮತ್ತು ನಾನು ನೋಡಿದ ಕರಾರುಗಳಲ್ಲಿ ಪ್ರಶ್ನಿಸಬೇಕಾದದ್ದು ಧಾರಾಳವಾಗಿದೆ: ಏನೇ ಆದರೂ ಸಂಸ್ಥೆ ಹೊಣೆಯಲ್ಲ, ಆಸ್ಪತ್ರೆಗೆ ಸೇರಿದ ದಿನಗಳಿಗೂ ಪೂರ್ತಿ ಶುಲ್ಕ ಕೊಡಬೇಕು, ಡೆಪಾಸಿಟ್ಟಿನಲ್ಲಿ ಎಷ್ಟು ಹಿಂದಿರುಗಿಸಬೇಕೆಂಬುದು ಆಡಳಿತ ಮಂಡಳಿಯ ಇಚ್ಛೆ, ಕಾರಣ ಹೇಳದೆ ಖಾಲಿ ಮಾಡಿಸಬಹುದು. ಓದುಗರಲ್ಲಿ ವಕೀಲರಿದ್ದರೆ ಇಂಥದೊಂದು ಕರಾರನ್ನು ಆಯೋಗದ ಮುಂದೆ ಒಯ್ಯಲಿ ಎಂಬುದು ನನ್ನ ಮನವಿ.

ಇಂಗ್ಲೆಂಡಿನಲ್ಲಿ ಆರೈಕೆ ಕೇಂದ್ರಗಳನ್ನು ತಪಾಸಣೆ ಮಾಡುವ ಆಯೋಗ ಪ್ರತಿ ಕೇಂದ್ರಕ್ಕೂ ದರ್ಜೆ ಕೊಟ್ಟು ವರದಿಯನ್ನು ಜಾಲತಾಣದಲ್ಲಿ ಹಾಕುತ್ತದೆ. ಅಮೆರಿಕದಲ್ಲಿ 1987ರ ಕಾನೂನು ನರ್ಸಿಂಗ್ ಹೋಂ ನಿವಾಸಿಗಳ ಹಕ್ಕುಗಳನ್ನು ಒಂದೊಂದಾಗಿ ಬರೆದಿಟ್ಟಿದೆ. ತಪಾಸಣೆಯ ವರದಿಗಳು ಅಲ್ಲೂ ಸಾರ್ವಜನಿಕ. ಕೋವಿಡ್ ಕಾಲದಲ್ಲಿ ಆ ದೇಶಗಳ ಕೇಂದ್ರಗಳಲ್ಲಾದ ಸಾವುನೋವನ್ನು ಜಗತ್ತೇ ಕಂಡಿರುವುದರಿಂದ ಅಲ್ಲೆಲ್ಲ ಸರಿಯಾಗಿದೆ ಎಂದು ನಾನು ಹೇಳುವುದಿಲ್ಲ. ಆದರೆ ನ್ಯೂಜೆರ್ಸಿಯಲ್ಲಿರುವ ಕನ್ನಡಿಗನೊಬ್ಬ ತನ್ನ ಬೀದಿಯ ನರ್ಸಿಂಗ್ ಹೋಂನಲ್ಲಿ ಕಳೆದ ತಪಾಸಣೆಯಲ್ಲಿ ಯಾವ ಲೋಪ ಸಿಕ್ಕಿತೆಂದು ಕುಳಿತಲ್ಲೇ ಓದಬಲ್ಲ. ತನ್ನ ತಾಯಿ ಇರುವ ಬೆಂಗಳೂರಿನ ಕೇಂದ್ರದ ಬಗ್ಗೆ ಅವನಿಗೆ ಸಿಗುವುದು ಗೂಗಲ್‌ನ ನಕ್ಷತ್ರಗಳು ಮಾತ್ರ, ಆ ನಕ್ಷತ್ರಗಳನ್ನು ಕೊಟ್ಟವರೂ ಅವನಂತೆಯೇ ಹಣ ಕಟ್ಟುವ ಮಕ್ಕಳು.

ಕೇಂದ್ರ ಸರ್ಕಾರದ ಮಸೂದೆ ಮತ್ತೆ ಬರುವವರೆಗೆ ರಾಜ್ಯ ಕೈಕಟ್ಟಿ ಕೂರಬೇಕಾಗಿಲ್ಲ. ಖಾಸಗಿ ಆಸ್ಪತ್ರೆಗಳಿಗೆ ಸ್ವಂತ ಕಾಯ್ದೆ ಮಾಡಿಕೊಂಡ ವಿಧಾನಮಂಡಲಕ್ಕೆ ಆರೈಕೆ ಕೇಂದ್ರಗಳಿಗೂ ಒಂದು ಕಾಯ್ದೆ ಮಾಡುವುದು ಕಷ್ಟವಲ್ಲ. ನೆರೆಯ ಕೇರಳ 2025ರಲ್ಲಿ ಹಿರಿಯ ನಾಗರಿಕರಿಗೆಂದೇ ಒಂದು ಆಯೋಗ ರಚಿಸುವ ಕಾನೂನನ್ನು ಅಂಗೀಕರಿಸಿದೆ. ನಮ್ಮಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಇದೆ. ಅನುದಾನ ಪಡೆಯುವ ಆಶ್ರಮಗಳ ಲೆಕ್ಕಪತ್ರವನ್ನು ಅದು ಹೇಗೂ ನೋಡುತ್ತದೆ. ಅನುದಾನ ಪಡೆಯದವೂ ಸೇರಿದಂತೆ ಹಿರಿಯರನ್ನು ಇರಿಸಿಕೊಳ್ಳುವ ಪ್ರತಿ ಕೇಂದ್ರವೂ ನೋಂದಣಿಯಾಗಬೇಕು, ಹಾಸಿಗೆ ಹಿಡಿದವರ ಸಂಖ್ಯೆಗೆ ತಕ್ಕಂತೆ ರಾತ್ರಿ ಪಾಳಿಯ ಸಿಬ್ಬಂದಿ ಇರಲೇಬೇಕು, ಬಿದ್ದು ಮೂಳೆ ಮುರಿದದ್ದು, ಹಾಸಿಗೆ ಹುಣ್ಣು, ಸಾವು ಇವಿಷ್ಟನ್ನು ನಿಗದಿತ ದಿನಗಳೊಳಗೆ ಜಿಲ್ಲಾ ಆರೋಗ್ಯಾಧಿಕಾರಿಗೆ ವರದಿ ಮಾಡಬೇಕು. ಕರಾರು ಕನ್ನಡದಲ್ಲೂ ಇದ್ದು, ನಿವಾಸಿಯೇ ಅದರ ಮೊದಲ ಪಕ್ಷಕಾರರಾಗಬೇಕು. ಸಹಿ ಹಾಕಲಾರದ ಸ್ಥಿತಿಯಲ್ಲಿದ್ದರೆ ಮಾತ್ರ ಅವರ ಪರವಾಗಿ ಇನ್ನೊಬ್ಬರು. ಕೂದಲು, ಬಟ್ಟೆ, ಊಟದ ಹೊತ್ತು, ಕೋಣೆಯಲ್ಲಿನ ಕ್ಯಾಮೆರಾ ಇಂಥವು ಅವರ ಒಪ್ಪಿಗೆಯಿಲ್ಲದೆ ನಡೆಯಬಾರದು. ಬಂಧುಮಿತ್ರರು ಯಾವ ಹೊತ್ತಿನಲ್ಲಾದರೂ ಬಂದು ನೋಡಲು ಬಿಡಬೇಕು. ಮತದಾರರ ಪಟ್ಟಿಯಲ್ಲಿ ಅವರ ಹೆಸರು ಈಗಿರುವ ವಿಳಾಸಕ್ಕೆ ಬರಬೇಕೆಂಬುದನ್ನೂ ಇದಕ್ಕೆ ಸೇರಿಸುತ್ತೇನೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ದಾಟಿದವರ ಮನೆಬಾಗಿಲಿಗೆ ಮತಗಟ್ಟೆ ಸಿಬ್ಬಂದಿ ಬಂದರು, ಆದರೆ ಮನೆ ಬಿಟ್ಟು ಆಶ್ರಮ ಸೇರಿದವರ ಹೆಸರು ಹಳೆಯ ಮನೆಯ ವಿಳಾಸದಲ್ಲೇ ಉಳಿದಿದ್ದರೆ ಆ ಬಾಗಿಲು ತೆರೆಯುವವರು ಯಾರು?

ಇದನ್ನೆಲ್ಲ ಹೇಳಿದಾಗ ಒಂದು ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳಿದೆ ಕೂಡ. ಕಾನೂನು ಬಿಗಿಯಾದರೆ ದೊಡ್ಡ ಕಂಪನಿಗಳ ಕೇಂದ್ರಗಳು ಉಳಿದುಕೊಳ್ಳುತ್ತವೆ. ಬೀದಿಯಲ್ಲಿ ಬಿದ್ದವರನ್ನು ಎತ್ತಿತಂದು ದಾನಿಗಳ ಅಕ್ಕಿಬೇಳೆಯಲ್ಲಿ ಸಾಕುವ ಸಣ್ಣ ಆಶ್ರಮಗಳು ಅಧಿಕಾರಿಗಳ ಕಾಟ ತಾಳಲಾರದೆ ಮುಚ್ಚುತ್ತವೆ, ಅಲ್ಲಿದ್ದವರು ಮತ್ತೆ ಬೀದಿಗೆ ಬರುತ್ತಾರೆ. ಬೆಳಗಾವಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳು ಹೆತ್ತವರನ್ನು ಬಿಟ್ಟುಹೋಗುತ್ತಿರುವ ಸಂಗತಿ 2025ರಲ್ಲಿ ಸುದ್ದಿಯಾದದ್ದು ನೆನಪಿರುವವರಿಗೆ ಇಂಥ ಆಶ್ರಮಗಳ ಬೆಲೆ ಗೊತ್ತಿರುತ್ತದೆ. ಆದ್ದರಿಂದ ಉಚಿತ ಆಶ್ರಮಗಳಿಗೆ ಕಾಲಾವಕಾಶ ಕೊಡಲಿ, ತಾಲ್ಲೂಕು ಆಸ್ಪತ್ರೆಯಿಂದ ವಾರಕ್ಕೊಮ್ಮೆ ಶುಶ್ರೂಷಕಿಯನ್ನು ಕಳಿಸಲಿ, ಆರೈಕೆಯ ಹುಡುಗಿಯರಿಗೆ ಸರ್ಕಾರವೇ ತರಬೇತಿ ಕೊಡಲಿ. ಲಂಚದ ಭಯಕ್ಕೆ ಮದ್ದು ತಪಾಸಣೆಯನ್ನು ಬಿಡುವುದರಲ್ಲಿಲ್ಲ. ತಪಾಸಣಾ ತಂಡದಲ್ಲಿ ಅಧಿಕಾರಿಯ ಜೊತೆ ಒಬ್ಬ ನಿವೃತ್ತ ಶುಶ್ರೂಷಕಿ, ಒಬ್ಬ ಹಿರಿಯ ನಾಗರಿಕರು ಇರಲಿ, ವರದಿಯನ್ನು ಅದೇ ವಾರ ಜಾಲತಾಣದಲ್ಲಿ ಹಾಕಲಿ. ನಾಲ್ಕು ಜನ ಓದುವ ಕಾಗದವನ್ನು ಕೊಂಡುಕೊಳ್ಳುವುದಕ್ಕಿಂತ ಕಡತದೊಳಗಿನ ಕಾಗದವನ್ನು ಕೊಂಡುಕೊಳ್ಳುವುದು ಯಾವಾಗಲೂ ಸುಲಭ. ಇಂಥ ತಂಡಗಳಿಗೆ ಸಂಬಳವಿಲ್ಲದೆ ಬರಲು ನನ್ನ ಓರಗೆಯ ನಿವೃತ್ತ ಶುಶ್ರೂಷಕಿಯರು ಎಷ್ಟೋ ಮಂದಿ ಸಿದ್ಧರಿದ್ದಾರೆ.

ಈಗಲೇ ತಂದೆತಾಯಿಗೆ ಕೇಂದ್ರ ಹುಡುಕುತ್ತಿರುವವರಿಗೆ ಒಂದು ಮಾತು. ಭಾನುವಾರ ಬೆಳಿಗ್ಗೆ ಹೊತ್ತು ಗೊತ್ತುಮಾಡಿಕೊಂಡು ಹೋಗಬೇಡಿ, ವಾರದ ಮಧ್ಯೆ ರಾತ್ರಿ ಎಂಟರ ಸುಮಾರಿಗೆ ಹೇಳದೆ ಹೋಗಿ. ಹುಲ್ಲುಹಾಸು ನೋಡುವ ಬದಲು ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಇದ್ದಾರೆಂದು ಎಣಿಸಿ. ಮಂಚದ ಪಕ್ಕದ ನೀರಿನ ಲೋಟ ಮಲಗಿದವರ ಕೈಗೆ ಎಟಕುವಂತಿದೆಯೇ ಎಂದು ನೋಡಿ. ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ಅವರವರ ಬಳಿಯೇ ಇವೆಯೇ ಅಥವಾ ಕಚೇರಿಯ ಒಂದೇ ಡಬ್ಬಿಯಲ್ಲಿ ಬಿದ್ದಿವೆಯೇ ಎಂದು ಕೇಳಿ. ಒಳಗೆ ಬಿಡದಿದ್ದರೆ ಬೇರೆ ಕೇಂದ್ರ ಹುಡುಕಿ.

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುವ ಮುಂದಿನ ಅಧಿವೇಶನದಲ್ಲಿ ಈ ವಿಷಯ ಎತ್ತಲು ಯಾವ ಪಕ್ಷದ ಶಾಸಕರು ಮುಂದೆ ಬಂದರೂ ಸರಿಯೇ. ಸಂಬಂಧಪಟ್ಟ ಸಚಿವರಿಂದ ಅವರು ಲಿಖಿತ ಉತ್ತರ ಕೇಳಬೇಕಾದ ಪ್ರಶ್ನೆಗಳನ್ನು ಇಲ್ಲೇ ಬರೆದುಕೊಟ್ಟಿದ್ದೇನೆ: ರಾಜ್ಯದಲ್ಲಿ ಹಣ ಪಡೆದು ಹಿರಿಯ ನಾಗರಿಕರನ್ನು ಇರಿಸಿಕೊಂಡಿರುವ ಕೇಂದ್ರಗಳು ಜಿಲ್ಲಾವಾರು ಎಷ್ಟು? ಕಳೆದ ಮೂರು ವರ್ಷಗಳಲ್ಲಿ ಅವುಗಳ ಪೈಕಿ ಎಷ್ಟನ್ನು ಯಾವ ಇಲಾಖೆಯ ಅಧಿಕಾರಿಗಳು ರಾತ್ರಿ ವೇಳೆ ಒಳಹೊಕ್ಕು ತಪಾಸಣೆ ಮಾಡಿದ್ದಾರೆ? ಆ ವರದಿಗಳು ಎಲ್ಲಿವೆ?

ಇಂತಿ,
ನಿವೃತ್ತ ಶುಶ್ರೂಷಕಿ,
ಮೈಸೂರು